ಬಿಳಿ ಮೈ, ಕಪ್ಪು ಚುಕ್ಕೆ, ಇಪ್ಪತ್ತೆಂಟು ಆಡು

ಕ್ವಾರಿ ನಂಬರ್ ಒಂಬತ್ತು,
ಚಾಮರಾಜನಗರದಿಂದ ದಕ್ಷಿಣಕ್ಕೆ ಅರ್ಧ ದಿನದ ನಡಿಗೆ.
ಫೆಬ್ರವರಿ ೩೧, ೨೨೧೯. ಮಧ್ಯಾಹ್ನ ಹನ್ನೆರಡೂವರೆ.

ಇಪ್ಪತ್ತೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಆರಾಮಾಗಿ ಕುಳಿತಿರುವ ಸಮಸ್ತ ಓದುಗರಿಗೆ ಮುದ್ದಾಜಿಯ ನಮಸ್ಕಾರಗಳು.

ಮೊದಲಿಗೆ ತಾರೀಖಿನ ವಿಷಯ. ನಾನು ತಪ್ಪು ಬರೆದಿಲ್ಲ. ಯುದ್ಧ ಶುರುವಾದ ವರ್ಷ ಸರ್ಕಾರವು ಸಮಪಾಲು ಎಂಬ ನಿಯಮ ತಂದು, ಇದ್ದವರಿಂದ ಕಿತ್ತು ಇಲ್ಲದವರಿಗೆ ಕೊಡತೊಡಗಿತು. ಆ ರಭಸದಲ್ಲಿ ಬಡಪಾಯಿ ಫೆಬ್ರವರಿಗೂ ಮೂರು ದಿನ ಮಂಜೂರಾಯಿತು. ಆ ಮೂರು ದಿನಗಳನ್ನು ಯಾವ ತಿಂಗಳಿಂದ ಕಿತ್ತರು ಎಂಬುದು ಇನ್ನೂ ವಿಚಾರಣೆಯಲ್ಲಿದೆ. ಎರಡನೆಯದಾಗಿ, ಈ ಪತ್ರದಲ್ಲಿ ನಿಮಗೆ ಅರ್ಥವಾಗದ ಶಬ್ದಗಳು ಬರುತ್ತವೆ, ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡ ಓದುವಾಗ ನಮಗೂ ಹಾಗೇ ಆಗುತ್ತದೆ. ‘ಸ್ಟೇಟಸ್ ಹಾಕಿದಳು’ ಎಂದರೆ ಎಲ್ಲಿಗೆ ಹಾಕಿದಳು, ಏತಕ್ಕೆ ಹಾಕಿದಳು ಎಂದು ನಮ್ಮ ಪಂಡಿತರು ಇವತ್ತಿಗೂ ಜಗಳವಾಡುತ್ತಾರೆ.

ಈ ಪತ್ರ ನಿಮಗೆ ತಲುಪುವುದು ಹಿಂದಂಚೆಯ ಮೂಲಕ. ಹಿಂದಂಚೆ ಎಂದರೆ ಹೋದ ಕಾಲಕ್ಕೆ ಟಪಾಲು ಒಯ್ಯುವ ಇಲಾಖೆ. ನಲವತ್ತು ದಾಟಿದವರಿಗೆ ಜೀವಮಾನದಲ್ಲಿ ಒಂದೇ ಪತ್ರ. ಪಕ್ಕದ ಮನೆಯ ಕ್ಷೌರಿಕ ಕೆಂಪಯ್ಯ ತನ್ನ ಪಾಲಿನ ಪತ್ರವನ್ನು ಮುತ್ತಜ್ಜನ ಮುತ್ತಜ್ಜನಿಗೆ ಬರೆದು, ‘ಆ ಹೆಂಗಸನ್ನು ಮಾತ್ರ ಮದುವೆಯಾಗಬೇಡ’ ಎಂದು ಬೇಡಿಕೊಂಡಿದ್ದ. ವಿಳಾಸದಾರರು ಈ ಸಲಹೆ ಪಾಲಿಸಿದಲ್ಲಿ ಕಳುಹಿಸಿದವರೇ ಇರುವುದಿಲ್ಲ ಎಂಬ ಷರಾದೊಂದಿಗೆ ಅದು ವಾಪಸಾಯಿತು. ನನ್ನ ಪತ್ರ ಅಂಥ ಅಪಾಯದ್ದಲ್ಲ. ಇವತ್ತು ನಾಲ್ಕು ಗಂಟೆಗೆ ಒಂದು ಲಾರಿ ಬರಲಿದೆ. ಅದರಲ್ಲಿ ಮೂರು ವರ್ಷದ ಹಿಂದೆ ಸೇನೆಗೆ ಹೋದ ನನ್ನ ಇಪ್ಪತ್ತೆಂಟು ಆಡುಗಳು ಇರಬಹುದು, ಇಲ್ಲದೆಯೂ ಇರಬಹುದು. ಬೆಳಗಿನಿಂದ ನನಗೆ ಕುಳಿತಲ್ಲಿ ಕುಳಿತುಕೊಳ್ಳಲಾಗುತ್ತಿಲ್ಲ. ಒಂದೇ ಲೋಟವನ್ನು ನಾಲ್ಕು ಸಲ ತೊಳೆದೆ. ಕೈಗೆ ಕೆಲಸ ಬೇಕೆಂದು ಬರೆಯಲು ಕುಳಿತೆ. ಐದಕ್ಕೆ ಅಂಚೆಪೆಟ್ಟಿಗೆ ತೆರೆಯುತ್ತಾರೆ. ಅಷ್ಟರೊಳಗೆ ಆಡುಗಳ ಕಥೆಯನ್ನು ಹೇಳಿ ಮುಗಿಸಬೇಕು.

ನನ್ನ ಆಡುಗಳಿಗೆ ಕೊಂಬಿಲ್ಲ, ಬಾಲವಿಲ್ಲ. ಅವು ಹುಲ್ಲು ತಿನ್ನುವುದಿಲ್ಲ. ಅದು ಹೇಗೆಂದು ತಿಳಿಯಬೇಕಾದರೆ ಯುದ್ಧದ ವಿಷಯ ಒಂದಿಷ್ಟು ಹೇಳಬೇಕು.

ನಮ್ಮದು ಮೋಡದ ಯುದ್ಧ. ಘಟ್ಟದ ಮೇಲೆ ನಿಂತ ಮೋಡಗಳು ಪಡುವಣ ಒಕ್ಕೂಟದವೋ ಮೂಡಣ ಒಕ್ಕೂಟದವೋ ಎಂಬ ಪ್ರಶ್ನೆಗೆ ಐದು ವರ್ಷ ಬಡಿದಾಡಿದರು. ನಾವು ಮೂಡಣದವರು. ಯುದ್ಧದ ಮೊದಲ ವಾರದಲ್ಲೇ ಎರಡೂ ಕಡೆಯವರು ಪರಸ್ಪರರ ನೆನಪಿನ ಯಂತ್ರಗಳನ್ನೆಲ್ಲ ಸುಟ್ಟುಬಿಟ್ಟರು. ನಿಮ್ಮ ಕಾಲದಲ್ಲಿ ಪತ್ರ, ಪಟ, ಪದ್ಯ ಎಲ್ಲವನ್ನೂ ಮೋಡದಲ್ಲಿ ಇಡುತ್ತಿದ್ದಿರಂತೆ. ಒದ್ದೆಯಾಗುತ್ತಿರಲಿಲ್ಲವೇ ಎಂದು ನಮ್ಮತ್ತೆ ಕೇಳುತ್ತಾರೆ, ಅದಿರಲಿ. ಇಟ್ಟದ್ದೆಲ್ಲ ಹೋಯಿತು. ನಾವು ಮೇಲೆ ಹಾರುವ ಕಣ್ಗೂಬೆಗಳಿಗೆ ಹೆದರಿ, ಅಂದರೆ ಮನುಷ್ಯರ ಮೈಕಾವು ಹುಡುಕುವ ಹಾರುಯಂತ್ರಗಳಿಗೆ ಹೆದರಿ, ಈ ಹಾಳು ಬಿದ್ದ ಕರಿಕಲ್ಲಿನ ಕ್ವಾರಿಗೆ ಇಳಿದೆವು. ಕರಿಕಲ್ಲು ಬಿಸಿಲಿಗೆ ಕಾದರೆ ಮನುಷ್ಯರ ಕಾವು ಅದರಲ್ಲಿ ಅಡಗಿಬಿಡುತ್ತದೆ. ಮುನ್ನೂರು ಮನೆಗಳು ಕಲ್ಲು ಕೊರೆದ ಮೆಟ್ಟಿಲುಗಳ ಮೇಲೆ ಒಂದರ ತಲೆಯ ಮೇಲೊಂದು ಕೂತವು. ಮೇಲಿನ ಮನೆಯವರು ತಂಬಿಗೆ ಬೀಳಿಸಿದರೆ ಅದು ಕೆಳಗಿನ ಏಳು ಮನೆಗಳಿಗೂ ಭೇಟಿ ಕೊಟ್ಟು ಹೋಗುತ್ತದೆ. ಸೊಪ್ಪಿನ ಸಾರು ಯಾರ ಮನೆಯದು, ಸೀದದ್ದು ಯಾರ ಮನೆಯದು ಎಂಬುದು ಎಲ್ಲರಿಗೂ ಗೊತ್ತು. ಇಂಥ ಜಾಗದಲ್ಲಿ ಸಂಜೆ ಆರರ ನಂತರ ಮಾಡಲು ಕೆಲಸವಿಲ್ಲದೆ ನಾವು ಒಂದು ಭಯಂಕರ ಸತ್ಯವನ್ನು ಕಂಡುಕೊಂಡೆವು. ಮುನ್ನೂರು ಮನೆಗಳಲ್ಲಿ ಒಬ್ಬರಿಗಾದರೂ ಒಂದು ಹಾಡು ಮೊದಲಿಂದ ಕೊನೆಯವರೆಗೆ ಬರುತ್ತಿರಲಿಲ್ಲ.

ಹಾಡು ಎಂದರೆ ನಮ್ಮಲ್ಲಿ ಪದ್ಯ, ಕವಿತೆ, ಲಾವಣಿ, ಜೋಗುಳ ಎಲ್ಲವೂ ಸೇರಿತು. ಕೆಂಪಯ್ಯನಿಗೆ ಒಂದರ ನಡುವಿನ ನುಡಿ ಮಾತ್ರ ಗೊತ್ತಿತ್ತು. ನಮ್ಮತ್ತೆಯ ಹೆಸರು ಪ್ರಣೀತಮ್ಮ. ನೀವು ನಗಬೇಡಿ, ನಮ್ಮ ಕಾಲಕ್ಕೆ ಅದು ಅಜ್ಜಿಯರ ಹೆಸರು. ಅವರಿಗೆ ಧಾಟಿಗಳು ನೂರಾರು ಬರುತ್ತಿದ್ದವು, ಮಾತಿನ ಜಾಗದಲ್ಲಿ ಮಾತ್ರ ಲಲಲ. ನಾನು ಯುದ್ಧಕ್ಕೆ ಮೊದಲು ಪತ್ರಿಕೆಯಲ್ಲಿ ನಗೆಯಂಕಣ ಬರೆಯುತ್ತಿದ್ದವಳು. ಪತ್ರಿಕೆ ಮುಚ್ಚಿ, ನಗುವುದಕ್ಕೂ ಪರವಾನಗಿ ಬೇಕಾದ ಮೇಲೆ ಸಂಪೂರ್ಣ ನಿರುದ್ಯೋಗಿ. ಕ್ವಾರಿಯ ಹಳೆಯ ಆಫೀಸಿನಲ್ಲಿ ಬಳಸದ ಒಂದು ರಿಜಿಸ್ಟರ್ ಸಿಕ್ಕಿತು. ಕಲ್ಲು ಸಿಡಿಸುವ ಮದ್ದಿನ ರಿಜಿಸ್ಟರ್. ದೀಪದ ಕಾಡಿಗೆಗೆ ಗೋಂದು ಕಲಸಿ ಮಸಿ ಮಾಡಿ, ಮನೆಮನೆ ಸುತ್ತಿ, ಒಬ್ಬರಿಂದ ತಲೆ, ಇನ್ನೊಬ್ಬರಿಂದ ನಡು, ಮತ್ತೊಬ್ಬರಿಂದ ಕಾಲು ತಂದು ಜೋಡಿಸತೊಡಗಿದೆ. ಕೈಯಲ್ಲಿ ಬರೆದು ನಮ್ಮ ತಲೆಮಾರಿಗೆ ಅಭ್ಯಾಸವಿಲ್ಲ. ಮೊದಲ ಹತ್ತು ಹಾಳೆಗಳಲ್ಲಿ ನನ್ನ ‘ಳ’ ಎಲ್ಲವೂ ಬಾಣಂತಿಯ ಹಾಗೆ ಮಲಗಿಬಿಟ್ಟಿವೆ.

ರಿಜಿಸ್ಟರಿನಲ್ಲಿ ಅಚ್ಚಾದ ಕಾಲಂಗಳಿದ್ದವು. ಮದ್ದಿನ ಪ್ರಮಾಣ, ಸಿಡಿಯಿತೋ ಇಲ್ಲವೋ, ಗಾಯಾಳುಗಳು, ಸಹಿ. ನಾನು ನಿಯಮಪಾಲಕಳು, ಖಾಲಿ ಬಿಡಲಿಲ್ಲ. ಒಂದು ಹಾಳೆಗೆ ಒಂದೇ ಹಾಡು, ಅಡಿಯಲ್ಲಿ ಕಾಲಂ ಭರ್ತಿ. ‘ಮದ್ದಿನ ಪ್ರಮಾಣ: ಮೂರು ನುಡಿ. ಸಿಡಿಯಿತು. ಗಾಯಾಳುಗಳು: ಕೆಂಪಯ್ಯ, ಎರಡು ದಿನ ಮಾತಾಡಲಿಲ್ಲ, ಊರಿಗೆ ನೆಮ್ಮದಿ.’ ಐವತ್ತೇಳನೆಯ ಹಾಳೆಯಲ್ಲಿ ಬೆಳ್ಳಗಿನ, ಮೆತ್ತಗಿನ, ಉಬ್ಬಿ ಬರುವ ಏನನ್ನೋ ಕುರಿತ ಅದ್ಭುತ ಪ್ರೇಮಗೀತೆ ಇದೆ. ಮೂರು ಮನೆಯವರು ಅತ್ತರು. ಅದು ನಿಮ್ಮ ಕಾಲದ ಇಡ್ಲಿ ಹಿಟ್ಟಿನ ಜಾಹೀರಾತು ಎಂದು ಆಮೇಲೆ ಯಾರೋ ಹೇಳಿದರು. ತೆಗೆದುಹಾಕಲಿಲ್ಲ. ಅತ್ತದ್ದು ಅತ್ತಾಗಿತ್ತು. ಒಂದು ವರ್ಷದಲ್ಲಿ ರಿಜಿಸ್ಟರ್ ತುಂಬಿತು. ನೂರ ಹನ್ನೆರಡು ಹಾಳೆ, ನೂರ ಹನ್ನೆರಡು ಹಾಡು. ದಿನವೂ ಸಂಜೆ ಕಲ್ಲಿನ ಮೆಟ್ಟಿಲುಗಳ ಮೇಲೆ ಊರೆಲ್ಲ ಕೂತು, ನಾನು ಓದುವುದು, ಅತ್ತೆ ಧಾಟಿ ಹಿಡಿಯುವುದು. ಅಷ್ಟರಮಟ್ಟಿಗೆ ನಮ್ಮ ಕ್ವಾರಿಯಲ್ಲಿ ಯುದ್ಧ ಇರಲಿಲ್ಲ.

ಅಪಾಯವೂ ಇತ್ತು. ಕಾಗದ ಸಿಕ್ಕಲ್ಲಿ ಸೇನೆ ವಶಪಡಿಸಿಕೊಳ್ಳುತ್ತಿತ್ತು. ನೆನೆಸಿ, ಅರೆದು, ಹಿಂಜಿ, ಹುಸಿಮೋಡ ಮಾಡಿ ಆಕಾಶಕ್ಕೆ ಬಿಡುತ್ತಿದ್ದರು. ಶತ್ರು ಅದನ್ನೇ ನಿಜವಾದ ಮೋಡವೆಂದು ತಿಳಿದು ಮದ್ದುಗುಂಡು ದಂಡ ಮಾಡಬೇಕು, ಅದು ಉಪಾಯ. ಬೇರೆ ಆಸ್ತಿಯಲ್ಲಿ ಸೇನೆಗೆ ನಾಲ್ಕನೇ ಒಂದು ಪಾಲು ಕೊಟ್ಟರೆ ಸಾಕು, ಕಾಗದ ಮಾತ್ರ ಪೂರ್ತಿ ಹೋಗಬೇಕು, ಮರಳಿ ಬರುವ ಮಾತಿಲ್ಲ. ಹಾಗಾಗಿ ರಿಜಿಸ್ಟರು ನಮ್ಮ ರಾಗಿಯ ಮಡಕೆಯೊಳಗೆ ವಾಸವಾಗಿತ್ತು.

ಎರಡನೆಯ ವರ್ಷ ಪಾಲುಪಟ್ಟಿ ಬರೆಸುವ ಆಜ್ಞೆಯಾಯಿತು. ಪ್ರತಿ ಮನೆಯವರೂ ಕೇಳುಪೆಟ್ಟಿಗೆಯ ಮುಂದೆ ನಿಂತು ತಮ್ಮಲ್ಲಿರುವುದನ್ನು ಬಾಯಿಬಿಟ್ಟು ಹೇಳಬೇಕು. ಕೇಳುಪೆಟ್ಟಿಗೆ ಎಂದರೆ ಕಿವಿಗೆ ಬಿದ್ದದ್ದನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳುವ ಯಂತ್ರ. ಅದು ತಪ್ಪು ಮಾಡುವುದಿಲ್ಲ ಎಂದು ಸರ್ಕಾರವೇ ಗೋಡೆಗಳ ಮೇಲೆ ಬರೆಸಿತ್ತು. ನನಗೆ ಅವತ್ತು ಜ್ವರ, ಅತ್ತೆ ಹೋದರು. ಬೇರೆಯವರು ಎಮ್ಮೆ, ಕೋಳಿ, ಹೊಲಿಗೆಯಂತ್ರ ಎಂದೆಲ್ಲ ಹೇಳುವುದನ್ನು ಕೇಳಿ ನಮ್ಮ ಮನೆಯ ಬಡತನಕ್ಕೆ ಅವರಿಗೆ ಅವಮಾನವಾಯಿತಂತೆ. ಪೆಟ್ಟಿಗೆಯ ಮುಂದೆ ಎದೆಯುಬ್ಬಿಸಿ ನಿಂತು ಹೇಳಿದ್ದಾರೆ:

“ನಮ್ ಸೊಸೆತಾವ ನೂರಾ ಅನ್ನೆಲ್ಡು ಆಡವೆ. ಒಂದ್ಕಿಂತ ಒಂದು ಚೆಂದ.”

ನಮ್ಮ ಸೀಮೆಯ ನಾಲಿಗೆಗೆ ‘ಹ’ ಎಂಬ ಅಕ್ಷರ ಭಾರ. ನಾವು ಹೋಗುವುದಿಲ್ಲ, ಓಗುತ್ತೇವೆ. ಹಾಲು ಕುಡಿಯುವುದಿಲ್ಲ, ಆಲು ಕುಡಿಯುತ್ತೇವೆ. ಹಾಡುಗಳು ಆಡುಗಳಾದದ್ದು ಹೀಗೆ. ಕೇಳುಪೆಟ್ಟಿಗೆ ಕಿವಿಗೆ ಬಿದ್ದದ್ದನ್ನು ಬರೆದುಕೊಂಡಿತು. ‘ಪ್ರಣೀತಮ್ಮ, ಮನೆ ನಂಬರ್ ಎಂಬತ್ತು. ಆಡು, ನೂರ ಹನ್ನೆರಡು, ಸುಂದರ.’

ಹದಿನೈದು ದಿನಕ್ಕೆ ಲಾರಿ ಬಂತು. ಅದರ ತುಂಬ ಹುರುಳಿ ಹೊಟ್ಟು, ಒಂದು ಡಬ್ಬಿ ತುಂಬ ಕಿವಿಗೆ ಹೊಡೆಯುವ ತಗಡಿನ ಬಿಲ್ಲೆ. ಪಾಲು ಅಧಿಕಾರಿ ಸಾಯಬಣ್ಣ ಕಲಬುರಗಿ ಕಡೆಯವನು, ಎತ್ತರದ ಆಳು, ಮುಖದ ಮೇಲೆ ಸದಾ ಬಿಸಿಲು ಬಿದ್ದವನಂತೆ ಕಣ್ಣು ಕಿರಿದು ಮಾಡಿಕೊಂಡಿದ್ದ.

“ಆಡು ಎಲ್ಲಿ ಅವ ರೀ ಯವ್ವಾ?” ಎಂದ.

“ಇನ್ನೆಲ್ಲಿರ್ತವೆ, ಬಾಯಲ್ಲವೆ,” ಎಂದರು ಅತ್ತೆ.

ಸಾಯಬಣ್ಣ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದ. “ಬಾಯಾಗ? ಅಂದ್ರ ತಿಂದೀರೇನು, ನೂರಾ ಹನ್ನೆರಡೂ?”

ಪಾಲು ಕೊಡದೆ ಜಾನುವಾರು ತಿಂದರೆ ಆರು ತಿಂಗಳು ಜೈಲು. ಅತ್ತೆಗೆ ಅದೊಂದೂ ತಲೆಯಲ್ಲಿಲ್ಲ.

“ನಾನ್ಯಾಕಪ್ಪ ತಿನ್ಲಿ. ಬೆಳಗೆದ್ದು ಎಲ್ಡು ಆಡ್ನಾದ್ರೂ ಮುಗಿಸ್ದೆ ನಂಗೆ ಕೂಳು ಇಳಿಯಕ್ಕಿಲ್ಲ. ಬೈಗಾದ್ರೆ ಊರೋರೆಲ್ಲ ಕುಂತ್ಕತೀವಿ, ಇನ್ನೊಂದು ನಾಕೈದು.”

“ದಿನಾ?”

“ದಿನಾ ಕಣಪ್ಪ. ನಿಮ್ ಕಡೆ ಇಲ್ವಾ?”

“ನಮ್ ಕಡಿ ಹಬ್ಬಕ್ಕೊಂದು ಸಿಕ್ಕರ ಪುಣ್ಯ ರೀ,” ಎಂದ ಸಾಯಬಣ್ಣ, ಒಂದು ಬಗೆಯ ಗೌರವದಿಂದ.

ಇಲ್ಲಿ ನಾನು ನನ್ನ ಜೀವನದ ಅತಿ ದೊಡ್ಡ ಬುದ್ಧಿವಂತಿಕೆ ಮಾಡಿದೆ. ಅತ್ತೆಯನ್ನು ಜೈಲಿನಿಂದ ಉಳಿಸುವ ಆತುರದಲ್ಲಿ ಒಳಗೆ ಓಡಿ, ರಾಗಿಯ ಮಡಕೆಗೆ ಕೈ ಹಾಕಿ, ರಿಜಿಸ್ಟರನ್ನು ತಂದು ಅವನ ಕೈಗೇ ಕೊಟ್ಟೆ. “ಆಡಲ್ಲ ಸಾರ್, ಹಾಡು. ಇಲ್ಲಿವೆ ನೋಡಿ,” ಎಂದೆ. ಹೇಳಿದ ಮೇಲೆ ಹೊಳೆಯಿತು. ಆಡಾದರೆ ಕಾಲು ಪಾಲು. ಕಾಗದವಾದರೆ ಪೂರ್ತಿ.

ಸಾಯಬಣ್ಣ ರಿಜಿಸ್ಟರಿನ ಮೇಲಿನ ರಾಗಿಯನ್ನು ಊದಿದ. ಓದತೊಡಗಿದ. ಕೆಂಪಯ್ಯ ಗಾಯಾಳುವಾದ ಹಾಳೆಗೆ ಬಂದಾಗ ಅವನ ಮೀಸೆ ಒಂದು ಸಲ ಅಲುಗಿತು. ಮುಂದಕ್ಕೆ ತಿರುವಿದ, ಹಿಂದಕ್ಕೆ ತಿರುವಿದ, ಏನನ್ನೋ ಹುಡುಕುತ್ತಿದ್ದ. ಕೊನೆಗೆ ತಲೆಯೆತ್ತದೆ ಕೇಳಿದ, “ಬೀಸೂ ಪದ ಇಲ್ಲೇನ್ರೀ ಇದರಾಗ? ಜ್ವಾಳ ಬೀಸುವಾಗ ಹಾಡೂವು?”

“ಇಲ್ಲ ಸಾರ್. ನಮ್ಮ ಕಡೆ ಯಾರಿಗೂ ಬರಲಿಲ್ಲ.”

“ನಮ್ಮವ್ವ ಹಾಡ್ತಿದ್ದಳು.” ರಿಜಿಸ್ಟರ್ ಮುಚ್ಚಿ, ಜೇಬಿನಿಂದ ನಿಯಮಪುಸ್ತಕ ತೆಗೆದು, ಬಹಳ ಹೊತ್ತು ಬೆರಳಿಟ್ಟು ಓದಿದ. ಆಮೇಲೆ ಇಡೀ ಕ್ವಾರಿಗೆ ಕೇಳುವಂತೆ ಹೇಳಿದ. “ದಾಖಲೆದಾಗ ಆಡು ಅಂತ ಅದ. ನಾ ಬರದದ್ದಲ್ಲ, ಪೆಟ್ಟಿಗಿ ಬರದದ್ದು. ಪೆಟ್ಟಿಗಿ ತಪ್ಪು ಮಾಡಂಗಿಲ್ಲ ಅಂತ ಸರಕಾರ ಹೇಳ್ಯದ. ಸರಕಾರ ಸುಳ್ಳು ಹೇಳ್ತದಂತ ಯಾರರೆ ಅಂತೀರೇನು?”

ನಿಯಮಪುಸ್ತಕವನ್ನು ಜೇಬಿಗೆ ಸೇರಿಸಿದ.

“ಅಂದಮ್ಯಾಗ ಇವು ಆಡು. ಇಪ್ಪತ್ತೆಂಟು ಹಿಡಿದು ಕೊಡ್ರಿ. ಒಂದು ತಾಸಿನ್ಯಾಗ ಗಾಡಿ ಹೊಂಡತದ.”

ಮಹನೀಯರೇ, ನಾನು ಒಳಗೆ ಕೂತು ಆಯ್ಕೆ ಶುರುಮಾಡಿದೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಕಳಪೆಯವನ್ನೇ ಆರಿಸಿದೆ. ಅರ್ಧಂಬರ್ಧ ಸಿಕ್ಕವು, ಧಾಟಿ ಕೂರದವು, ಎಲ್ಲಕ್ಕೂ ಮೇಲೆ ಇಡ್ಲಿ ಹಿಟ್ಟು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಬಂದು ಆ ಕಂತೆಯನ್ನು ನನ್ನ ತೊಡೆಯಿಂದ ಎತ್ತಿ ಪಕ್ಕಕ್ಕಿಟ್ಟರು.

“ಯುದ್ದದಲ್ಲಿ ಸಾಯಕ್ಕೋಗೋ ಐಕ್ಳು ಕಣೇ ಅವು. ಅವ್ಕೆ ಕೊಳ್ತೋಗಿರೋದ ಕೊಟ್ಟೀಯಾ?”

ಅವರೇ ಕೂತು ಆರಿಸಿದರು. ಅಕ್ಷರ ಬಾರದ ಹೆಂಗಸು, ಹಾಳೆಯ ಮೇಲಿನ ಕಲೆ ನೋಡಿ ಗುರುತು ಹಿಡಿಯುತ್ತಿದ್ದರು. ಅಂಬಲಿ ಬಿದ್ದದ್ದು, ಮಗು ಉಚ್ಚೆ ಹೊಯ್ದದ್ದು, ಕೆಂಪಯ್ಯನ ಕಣ್ಣೀರಿಗೆ ಮಸಿ ಹರಡಿದ್ದು. ಹೆಚ್ಚು ಕಲೆಯಾದದ್ದೇ ಹೆಚ್ಚು ಒಳ್ಳೆಯದು ಎಂಬುದು ಅವರ ವಿಮರ್ಶಾಸಿದ್ಧಾಂತ. ಇದಕ್ಕಿಂತ ಒಳ್ಳೆಯದನ್ನು ನಾನು ಯಾವ ವಿಮರ್ಶಕರಲ್ಲೂ ಕಂಡಿಲ್ಲ. ಒಂದೊಂದಾಗಿ ಹರಿದೆವು. ಹರಿಯುವ ಸದ್ದು ಕಲ್ಲಿಗೆ ಬಡಿದು ದೊಡ್ಡದಾಗಿ ಕೇಳುತ್ತಿತ್ತು. ನಕಲು ಮಾಡಿಕೊಳ್ಳಲು ಖಾಲಿ ಹಾಳೆ ಒಂದೂ ಇರಲಿಲ್ಲ. ಹೊರಗೆ ಊರಿನವರು ಕೈಗೆ ಸಿಕ್ಕ ಹಾಳೆಗಳನ್ನು ಗಟ್ಟಿಯಾಗಿ ಓದಿಸಿಕೊಂಡು ಬಾಯಿಪಾಠ ಮಾಡುತ್ತಿದ್ದರು. ಒಂದು ಗಂಟೆಯಲ್ಲಿ ಎಷ್ಟು ಸಾಧ್ಯ? ಇವತ್ತು ಲೆಕ್ಕ ಹಾಕಿದರೆ ಆ ಇಪ್ಪತ್ತೆಂಟರಲ್ಲಿ ಹನ್ನೊಂದು ನೆನಪಿನಲ್ಲಿ ಉಳಿದಿವೆ, ಅದರಲ್ಲೂ ನಾಲ್ಕಕ್ಕೆ ಕಾಲಿಲ್ಲ.

ಸಾಯಬಣ್ಣ ಪ್ರತಿ ಹಾಳೆಯ ಮೂಲೆಗೆ ತೂತು ಹೊಡೆದು ಕಿವಿಬಿಲ್ಲೆ ಸಿಕ್ಕಿಸಿದ. ರಸೀದಿ ಬರೆದ. ಅದು ಈಗ ನನ್ನ ಮುಂದೆಯೇ ಇದೆ. ‘ಆಡು, ಇಪ್ಪತ್ತೆಂಟು. ಬಿಳಿ ಮೈ, ಕಪ್ಪು ಚುಕ್ಕೆ. ಆರೋಗ್ಯ ಉತ್ತಮ. ಹಾಲು ಕೊಡುವ ಜಾತಿ.’ ಕೊನೆಯ ಮೂರು ಪದಗಳನ್ನು ಅವನು ಎರಡು ಸಲ ತಿದ್ದಿ ದಪ್ಪ ಮಾಡಿದ್ದ. ನನಗೆ ಅರ್ಥವಾಗಲಿಲ್ಲ. ಲಾರಿ ಹತ್ತುವಾಗ ಹೇಳಿದ, “ಕೊಯ್ಯೋ ಆಡು ವಾಪಸ್ ಬರಂಗಿಲ್ಲ ಯಕ್ಕಾ. ಹಾಲಿನ ಆಡು ಯುದ್ಧ ಮುಗದ ಮ್ಯಾಲ ಮರಿ ಸಮೇತ ವಾಪಸ್ ಕೊಡಬೇಕು. ಕಾನೂನು.” ಹುರುಳಿ ಹೊಟ್ಟನ್ನು ಇಳಿಸಿ ಹೋದ. ಅದನ್ನೂ ಊರು ಬೇಯಿಸಿ ತಿಂದಿತು.

ಕಳೆದ ವಾರ ಯುದ್ಧ ಮುಗಿಯಿತು. ಗೆದ್ದವರು ಯಾರೆಂದು ಕೇಳುತ್ತೀರಿ. ಯಾರೂ ಇಲ್ಲ. ವಿವಾದಿತ ಮೋಡಗಳು ಸಮುದ್ರಕ್ಕೆ ಹೋಗಿ ಅಲ್ಲೇ ಸುರಿದುಬಿಟ್ಟವು. ನಿನ್ನೆ ಪಾಲು ಇಲಾಖೆಯ ಸಂದೇಶ ಬಂತು: ಜಾನುವಾರು ಮರಳಿಸಲಾಗುವುದು, ನಾಲ್ಕು ಗಂಟೆಗೆ ಹಾಜರಿರತಕ್ಕದ್ದು, ಕಟ್ಟಲು ಹಗ್ಗ ತರತಕ್ಕದ್ದು. ಅತ್ತೆ ನಿಜವಾಗಿಯೂ ಒಂದು ಹಗ್ಗ ಹುಡುಕಿಟ್ಟಿದ್ದಾರೆ. ಕೆಂಪಯ್ಯ ಎಂದೂ ಮಾಡದವನು ಸ್ವಂತ ಗಡ್ಡ ಬೋಳಿಸಿಕೊಂಡಿದ್ದಾನೆ. ನನ್ನ ಭಯವೊಂದೇ, ಯಾವನೋ ಪ್ರಾಮಾಣಿಕ ಅಧಿಕಾರಿ ನಡುವೆ ಎಲ್ಲೋ ಕಣ್ಣು ಬಿಟ್ಟು ನೋಡಿ ‘ಇದು ಕಾಗದ’ ಎಂದಿದ್ದರೆ ಅವೆಲ್ಲ ಹುಸಿಮೋಡವಾಗಿ ಹಾರಿಹೋಗಿರುತ್ತವೆ. ಮೂರು ವರ್ಷ ಪ್ರತಿ ಬಿಳಿ ಮೋಡವನ್ನೂ ಅನುಮಾನದಿಂದ ನೋಡಿದ್ದೇನೆ. ಲಾರಿಯ ಸದ್ದು ಬರುತ್ತಿದೆ. ತಾಳಿ.

*

ನಾಲ್ಕೂ ಮುಕ್ಕಾಲು. ಬೇಗ ಬರೆಯುತ್ತೇನೆ, ಅಕ್ಷರ ಕುಣಿಯುತ್ತಿವೆ, ಕ್ಷಮಿಸಿ.

ಸಾಯಬಣ್ಣನೇ ಬಂದ. ಅರ್ಧದಷ್ಟಾಗಿದ್ದಾನೆ, ಎಡಗಾಲು ಎಳೆಯುತ್ತಾನೆ, ಕಣ್ಣು ಮಾತ್ರ ಹಾಗೇ ಕಿರಿದು. ಹೆಗಲಲ್ಲಿ ಆಡಿನ ಚರ್ಮದ ಒಂದು ಚೀಲ. ನಮ್ಮತ್ತೆಯ ಮುಂದೆ ಅಟೆನ್ಷನ್ ನಿಂತು ವರದಿ ಒಪ್ಪಿಸಿದ.

“ಇಪ್ಪತ್ತಾರು ತಂದೀನ್ರೀ ಯವ್ವಾ. ಎರಡು ಉಳೀಲಿಲ್ಲ. ಒಂದು ಹೊಳಿ ದಾಟುವಾಗ ಹೋತು. ಇನ್ನೊಂದು ಒಬ್ಬ ಹುಡುಗನ ಕಿಸೆದಾಗಿತ್ತು. ಮಣ್ಣು ಕೊಡುವಾಗ ತಗೀಲಾಕ ಮನಸಾಗಲಿಲ್ಲ.”

ಅತ್ತೆ ಕೇಳಿದ್ದು ಒಂದೇ ಮಾತು. “ಯಾವ್ದಪ್ಪ ಅದು?”

ಅವನು ಹೇಳಿದ. ಅಂಬಲಿಯ ಕಲೆ ಇದ್ದದ್ದು.

“ಬುಡು. ಅವನ್ತಾವ್ಲೇ ಇರ್ಲಿ,” ಎಂದು ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಕೈಯಲ್ಲಿದ್ದ ಹಗ್ಗವನ್ನು ಏನು ಮಾಡಬೇಕೆಂದು ತಿಳಿಯದೆ ನನ್ನ ಕೈಗೆ ಕೊಟ್ಟರು.

ಆಮೇಲೆ ಅವನು ಚೀಲವನ್ನು ಮೆಟ್ಟಿಲ ಮೇಲೆ ಸುರಿದ. ನಮ್ಮ ಇಪ್ಪತ್ತಾರರ ಜೊತೆ ಮರಿಗಳು. ಗುಂಡಿನ ಪೆಟ್ಟಿಗೆಯ ರಟ್ಟು, ಬ್ಯಾಂಡೇಜಿನ ಬಟ್ಟೆ, ನಕಾಶೆಯ ಬೆನ್ನು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ, ಬೇರೆ ಬೇರೆ ಕೈಗಳಲ್ಲಿ ಬರೆದ ಹಾಡುಗಳು. ನಮ್ಮ ಹಾಳೆ ಓದಿದವನು ‘ಇದು ನಮ್ಮೂರಿಂದು’ ಎಂದು ಇನ್ನೊಂದು ಬರೆದುಕೊಟ್ಟಿದ್ದಾನೆ. ಹಾಗೆ ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು. ಪ್ರತಿಯೊಂದರ ಮೂಲೆಯಲ್ಲೂ ತಗಡಿನ ಡಬ್ಬಿ ಕತ್ತರಿಸಿ ಮಾಡಿದ ಕಿವಿಬಿಲ್ಲೆ. ಕಾಲಂಗಳನ್ನೂ ಬಿಟ್ಟಿಲ್ಲ. ಒಂದರಲ್ಲಿ ‘ಗಾಯಾಳುಗಳು: ಇಡೀ ಪ್ಲಟೂನ್’ ಎಂದಿದೆ. ಏಳು ಹಾಡು ಪಡುವಣ ಒಕ್ಕೂಟದವರ ಅಕ್ಷರದಲ್ಲಿವೆ. ಗಡಿಯ ಬೇಲಿಯ ಮೇಲಿಂದ ಕಲ್ಲಿಗೆ ಸುತ್ತಿ ಎಸೆದರಂತೆ. ‘ಶತ್ರುವಿನ ಆಡು ನಮ್ಮ ಕಡೆ ಮೇಯಲು ಬಂದಿತ್ತು, ತೃಪ್ತಿಯಾಗಿ ಮರಳಿಸಿದ್ದೇವೆ’ ಎಂಬ ಟಿಪ್ಪಣಿ ಸಮೇತ. ಎಣಿಸುತ್ತಿದ್ದಾರೆ. ತೊಂಬತ್ತು ದಾಟಿತು. ಕೆಂಪಯ್ಯ ಎರಡು ಸಲ ಲೆಕ್ಕ ತಪ್ಪಿದ, ಯಾಕೆಂದರೆ ನಡುನಡುವೆ ನಿಂತು ಓದುತ್ತಾನೆ. ಎಲ್ಲಕ್ಕೂ ಕೊನೆಯಲ್ಲಿ ಸಾಯಬಣ್ಣನ ಕೈಬರಹದ್ದೊಂದು, ಬೀಸುವ ಪದ, ಪೂರ್ತಿ ಹನ್ನೊಂದು ನುಡಿ. ಅವರೂರಿನ ಇನ್ನೊಬ್ಬ ಸಿಪಾಯಿಗೆ ಬರುತ್ತಿತ್ತಂತೆ. ಅತ್ತೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಧಾಟಿ ಹೇಳಿಸಿಕೊಳ್ಳುತ್ತಿದ್ದಾರೆ. ಅವನು “ಹಾಡು” ಎಂದಾಗಲೆಲ್ಲ ಇವರು “ಆಡು” ಎಂದು ತಿದ್ದುತ್ತಿದ್ದಾರೆ.

ಅಂಚೆಯವಳು ಕೆಳಗಿನ ಮೆಟ್ಟಿಲಲ್ಲಿ ಗಂಟೆ ಬಾರಿಸುತ್ತಿದ್ದಾಳೆ. ನನ್ನ ಬೇಡಿಕೆ ಇಷ್ಟೇ. ಹೊಳೆಯಲ್ಲಿ ಹೋದದ್ದನ್ನು ನಿಮ್ಮ ಕಾಲದಲ್ಲಿ ಮಕ್ಕಳಿಗೆ ಎಣ್ಣೆ ಹಚ್ಚುತ್ತ ಹೇಳುತ್ತಿದ್ದರಂತೆ. ನಾಲ್ಕು ನುಡಿ, ಪ್ರತಿ ನುಡಿಯ ಕೊನೆಗೂ ಒಂದು ಕಾಗೆ ಬಂದು ಹೋಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಬರುತ್ತಿದ್ದರೆ, ದಯಮಾಡಿ ಕೈಯಲ್ಲಿ ಬರೆದಿಡಿ. ‘ಳ’ ಮಲಗಿದರೂ ಚಿಂತೆಯಿಲ್ಲ. ಮೋಡದಲ್ಲಿ ಇಡಬೇಡಿ, ರಾಗಿಯ ಮಡಕೆಯಲ್ಲಿಡಿ, ಆಗಾಗ ತೆಗೆದು ಅಂಬಲಿ ಚೆಲ್ಲಿ. ನಾವು ಇಲ್ಲಿ ಕಾದಿರುತ್ತೇವೆ, ಹಗ್ಗ ಸಿದ್ಧವಿದೆ.

ಮಡಕೆಯಲ್ಲಿ ಏನಿದೆ ಎಂದು ಯಾರಾದರೂ ಪಟ್ಟಿ ಹಿಡಿದು ಬಂದು ಕೇಳಿದರೆ, ‘ಹ’ ಬಿಟ್ಟು ಹೇಳಿ.

ಇಂತಿ,
ಮನೆ ನಂಬರ್ ಎಂಬತ್ತರ ಸೊಸೆ
ಮುದ್ದಾಜಿ